ಕಡಲು ಸೇರುವ ನೀರು ಯಾರ ಪಾಲಿನದು?

ಅಪ್ಪೆಮಿಡಿಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಕೆಲವೇ ದಿನಗಳಲ್ಲಿ ಅದು ನೀರು ಬಿಟ್ಟು ಚಿರುಟಿಕೊಳ್ಳುತ್ತದೆ. ರಾತ್ರಿ ನೀರಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ ಬೆಳಗಾಗುವುದರೊಳಗೆ ಉಬ್ಬಿಕೊಂಡಿರುತ್ತದೆ. ಅಡುಗೆಮನೆಯ ಈ ಎರಡು ಸಂಗತಿಗಳ ಹಿಂದಿರುವುದು ಒಂದೇ ನಿಯಮ. ತೆಳುವಾದ ಪೊರೆಯ ಎರಡು ಬದಿಗಳಲ್ಲಿ ಕರಗಿದ ಉಪ್ಪು ಅಥವಾ ಸಕ್ಕರೆಯ ಪ್ರಮಾಣ ಬೇರೆಬೇರೆಯಾಗಿದ್ದರೆ, ಅದು ಕಡಿಮೆಯಿರುವ ಕಡೆಯಿಂದ ಹೆಚ್ಚಿರುವ ಕಡೆಗೆ ನೀರು ಸರಿಯುತ್ತದೆ. ಶಾಲಾಪುಸ್ತಕಗಳು ಇದನ್ನು ಅಭಿಸರಣೆ ಎಂದು ಕರೆಯುತ್ತವೆ.

ಮಿಡಿಗೂ ದ್ರಾಕ್ಷಿಗೂ ಈ ನಿಯಮಕ್ಕೆ ತಲೆಬಾಗದೆ ಗತಿಯಿಲ್ಲ. ಆದರೆ ಮೀನೊಂದು ಹಾಗೆ ತಲೆಬಾಗಿದರೆ ಉಳಿಯಲಾರದು. ಹೊಳೆಯ ಮೀನಿನ ರಕ್ತದಲ್ಲಿರುವ ಲವಣ ಹೊಳೆಯ ನೀರಿನಲ್ಲಿರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಆದ್ದರಿಂದ ಕಿವಿರುಗಳ ಮೂಲಕ ನೀರು ಹಗಲಿರುಳು ಅದರ ದೇಹದೊಳಕ್ಕೆ ನುಗ್ಗುತ್ತಲೇ ಇರುತ್ತದೆ. ಹೊಳೆಯಲ್ಲಿಯೇ ಬಾಳುವ ಈ ಮೀನು ನೀರನ್ನು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಒಳಬಂದ ನೀರನ್ನು ಅದರ ಮೂತ್ರಪಿಂಡ ತಿಳಿಯಾದ ಮೂತ್ರವನ್ನಾಗಿಸಿ ಹೊರಹಾಕುತ್ತದೆ. ಹಾಗೆ ಕಳೆದುಹೋದ ಲವಣವನ್ನು ಕಿವಿರಿನ ವಿಶೇಷ ಕೋಶಗಳು ಹೊಳೆಯ ನೀರಿನಿಂದಲೇ ಹೆಕ್ಕಿ ತುಂಬಿಕೊಳ್ಳುತ್ತವೆ.

ಕಡಲಿನ ಮೀನಿನ ಸಂಕಟ ಇದಕ್ಕೆ ತದ್ವಿರುದ್ಧವಾದುದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿರುತ್ತದೆ. ಅಲ್ಲಿಯ ಬಹುತೇಕ ಮೀನುಗಳ ರಕ್ತದಲ್ಲಿರುವುದು ಅದರ ಸುಮಾರು ಮೂರನೆಯ ಒಂದು ಭಾಗ ಮಾತ್ರ. ಹೀಗಾಗಿ ಸುತ್ತಲೂ ನೀರಿದ್ದರೂ ಕಡಲ ಮೀನು ಉಪ್ಪಿನಲ್ಲಿಟ್ಟ ಮಿಡಿಯಂತೆ ನೀರನ್ನು ಕಳೆದುಕೊಳ್ಳುತ್ತಿರುತ್ತದೆ. ಅದು ಉಪ್ಪುನೀರನ್ನೇ ಕುಡಿಯುತ್ತದೆ, ಹೆಚ್ಚಾದ ಉಪ್ಪನ್ನು ಕಿವಿರುಗಳಿಂದ ಹೊರದೂಡುತ್ತದೆ, ಮೂತ್ರವನ್ನು ಅತ್ಯಲ್ಪವಾಗಿ ವಿಸರ್ಜಿಸುತ್ತದೆ. ಈ ದುಡಿಮೆಗೆ ತಿಂದ ಆಹಾರದಿಂದಲೇ ಶಕ್ತಿ ವ್ಯಯವಾಗಬೇಕು.

ಘಟ್ಟದ ಮೇಲಿನ ಪ್ರಾಣಿಗಳಿಗೂ ಈ ಲೆಕ್ಕ ತಪ್ಪಿದ್ದಲ್ಲ. ಹುಲ್ಲು ಸೊಪ್ಪುಗಳಲ್ಲಿ ಸೋಡಿಯಂ ಬಲು ಕಡಿಮೆ. ಧಾರಾಕಾರ ಮಳೆ ಮಣ್ಣಿನ ಲವಣವನ್ನೂ ತೊಳೆದೊಯ್ಯುತ್ತದೆ. ಕಾಟಿ, ಕಡವೆಗಳು ಲವಣವಿರುವ ಮಣ್ಣನ್ನು ಅರಸಿ ಬಂದು ನೆಕ್ಕುವುದು ಇದಕ್ಕಾಗಿಯೇ. ಕೊಟ್ಟಿಗೆಯ ಹಸುವಿಗೆ ಕಲಗಚ್ಚಿನಲ್ಲಿ ಹಿಡಿ ಉಪ್ಪು ಬೆರೆಸುವ ಗೃಹಿಣಿ ಈ ಕೊರತೆಯನ್ನು ಪುಸ್ತಕ ಓದದೆಯೇ ಬಲ್ಲಳು. ಕಪ್ಪೆಯಂತೂ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರುತ್ತದೆ. ಆದ್ದರಿಂದಲೇ ತೋಟದ ಕಾಲುವೆಗೆ ಬಿದ್ದ ವಿಷ ಮೊದಲು ಮುಟ್ಟುವ ಜೀವಿಗಳಲ್ಲಿ ಕಪ್ಪೆಯೂ ಒಂದು.

ಹೊಳೆ ಮತ್ತು ಕಡಲು ಸಂಧಿಸುವ ಅಳಿವೆಯಲ್ಲಿ ಬದುಕುವ ಜೀವಿಗಳ ಪಾಡು ಮಾತ್ರ ಇವೆಲ್ಲಕ್ಕಿಂತ ಕಠಿಣ. ಉಬ್ಬರದಲ್ಲಿ ಅಲ್ಲಿಗೆ ಉಪ್ಪುನೀರು ಏರುತ್ತದೆ, ಇಳಿತದಲ್ಲಿ ಸಿಹಿನೀರು ಇಳಿಯುತ್ತದೆ. ಮಳೆಗಾಲದಲ್ಲಿ ಅಳಿವೆಯೆಲ್ಲ ಸಿಹಿಯಾಗಿ, ಬೇಸಿಗೆಯಲ್ಲಿ ಕಡಲಿನಷ್ಟೇ ಉಪ್ಪಾಗುವುದೂ ಉಂಟು. ಬಳಚು, ಚಿಪ್ಪಿಕಲ್ಲುಗಳಿಗೆ ಮೀನಿನಂತೆ ಉಪ್ಪನ್ನು ದೂಡುವ ಸಾಮರ್ಥ್ಯವಿಲ್ಲ. ಹೊರಗಿನ ನೀರು ಹೇಗೋ ಅವುಗಳ ದೇಹದ್ರವವೂ ಹಾಗೆಯೇ. ಕೋಶಗಳೊಳಗಿನ ಅಮೈನೋ ಆಮ್ಲಗಳನ್ನು ಹೆಚ್ಚುಕಡಿಮೆ ಮಾಡಿಕೊಂಡು ಅವು ಹೊಂದಿಕೊಳ್ಳುತ್ತವೆ. ಬದಲಾವಣೆ ಮಿತಿಮೀರಿದರೆ ಚಿಪ್ಪನ್ನು ಬಿಗಿಯಾಗಿ ಮುಚ್ಚಿ ಕೆಲವು ದಿನ ಕಾಯುತ್ತವೆ. ಮುಚ್ಚಿದ ಚಿಪ್ಪಿನೊಳಗೆ ಆಹಾರವೂ ಇಲ್ಲ, ಹೊಸ ಆಮ್ಲಜನಕವೂ ಇಲ್ಲ. ಕಾಯುವುದಕ್ಕೆ ಒಂದು ಮಿತಿಯಿದೆ.

ಸಿಗಡಿಯ ಹಲವು ಜಾತಿಗಳು ಕಡಲಿನಲ್ಲಿ ಹುಟ್ಟಿ, ಅಳಿವೆಯ ಮೆಲುಪ್ಪು ನೀರಿನಲ್ಲಿ ಬೆಳೆದು, ಮತ್ತೆ ಕಡಲಿಗೆ ಮರಳುತ್ತವೆ. ಘಟ್ಟದ ಹಳ್ಳಗಳವರೆಗೂ ಏರಿಬರುವ ಹಾವುಮೀನು ಹುಟ್ಟುವುದೂ ಕಡಲಿನಲ್ಲಿಯೇ. ಮರಿಯಾಗಿ ಹೊಳೆಯನ್ನು ಹತ್ತುವಾಗ ಅದರ ಕಿವಿರುಗಳು ಉಪ್ಪನ್ನು ಹೊರದೂಡುವುದನ್ನು ಬಿಟ್ಟು ಹೀರುವುದನ್ನು ಕಲಿಯುತ್ತವೆ. ವರ್ಷಗಳ ನಂತರ ಮೊಟ್ಟೆಯಿಡಲು ಕಡಲಿಗಿಳಿಯುವಾಗ ಅದೇ ಕೆಲಸವನ್ನು ತಿರುಗಿಸಿ ಮಾಡುತ್ತವೆ. ದೇಹವನ್ನು ಹೀಗೆ ಅಣಿಗೊಳಿಸಿಕೊಳ್ಳಲು ಈ ಜೀವಿಗಳಿಗೆ ಬೇಕಾಗಿರುವುದು ಕೇವಲ ನೀರಲ್ಲ. ಕಾಲಕ್ಕೆ ತಕ್ಕಂತೆ ಏರಿಳಿಯುವ ನೀರು.

ಈ ಏರಿಳಿತ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಉತ್ತರ ಕನ್ನಡದ ಎರಡು ಹೊಳೆಗಳೇ ಸಾಕ್ಷಿ. ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಪೂರ್ಣಗೊಂಡಿತು. ಕೆಳಗೆ ಗೇರುಸೊಪ್ಪೆಯಲ್ಲಿ ಮತ್ತೊಂದು ಅಣೆಕಟ್ಟೆ ಎದ್ದಿತು. ವಿದ್ಯುತ್ತಿಗಾಗಿ ಶರಾವತಿಯ ನೀರು ಈಗ ಬೇಸಿಗೆಯಲ್ಲಿಯೂ ಬಿಡುವಿಲ್ಲದೆ ಕೆಳಗಿಳಿಯುತ್ತದೆ. ಸಹಜವಾಗಿ ಹೊಳೆ ಸೊರಗಿ ಕಡಲು ಒಳಬರಬೇಕಾದ ತಿಂಗಳುಗಳಲ್ಲಿ ಹೊನ್ನಾವರದ ಅಳಿವೆ ಸಪ್ಪೆಯಾಗಿಯೇ ಉಳಿಯುತ್ತದೆ. ಉಪ್ಪು ಬಯಸುವ ಚಿಪ್ಪುಜೀವಿಗಳು ಅಲ್ಲಿ ತೀರಾ ಕ್ಷೀಣಿಸಿರುವುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನಿಗಳು ದಾಖಲಿಸಿದ್ದಾರೆ. ಅದೇ ಜಿಲ್ಲೆಯ ಅಘನಾಶಿನಿಗೆ ದೊಡ್ಡ ಅಣೆಕಟ್ಟೆಯಿಲ್ಲ. ಕುಮಟಾ ಸಮೀಪದ ಅದರ ಅಳಿವೆಯಲ್ಲಿ ಬಳಚು ಹೆಕ್ಕಿ ಜೀವನ ಸಾಗಿಸುವ ಸಾವಿರಾರು ಜನರಿದ್ದಾರೆ. ಅವರಲ್ಲಿ ಮಹಿಳೆಯರೂ ಬಹಳ. 2024ರಲ್ಲಿ ಈ ಅಳಿವೆ ರಾಮ್‌ಸಾರ್ ತಾಣಗಳ ಪಟ್ಟಿಗೆ ಸೇರಿತು.

ಹೀಗಿರುವಾಗ 'ಪಶ್ಚಿಮಕ್ಕೆ ಹರಿಯುವ ಹೊಳೆಗಳ ನೀರು ಕಡಲು ಸೇರಿ ವ್ಯರ್ಥವಾಗುತ್ತಿದೆ' ಎಂಬ ಮಾತು ದಶಕಗಳಿಂದ ಕೇಳಿಬರುತ್ತಲೇ ಇದೆ. ಬೇಡ್ತಿ, ಅಘನಾಶಿನಿಗಳನ್ನು ಪೂರ್ವಕ್ಕೆ ತಿರುಗಿಸುವ ಯೋಜನೆಗಳಿಗೂ, 2019ರಲ್ಲಿ ಮಲೆನಾಡನ್ನು ಬೀದಿಗಿಳಿಸಿದ, ಶರಾವತಿಯನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪಕ್ಕೂ ಈ ಮಾತೇ ಬುನಾದಿ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಶರಾವತಿಯ ವಿದ್ಯುತ್ತು ನಾಡಿನ ಮನೆಗಳನ್ನು ಬೆಳಗಿದ್ದೂ ಸುಳ್ಳಲ್ಲ. ಸುಳ್ಳಿರುವುದು 'ವ್ಯರ್ಥ' ಎಂಬ ಪದದಲ್ಲಿ. ಬೇಸಿಗೆಯಲ್ಲಿ ಅತಿಯಾಗಿ ಬಂದ ಸಿಹಿನೀರೇ ಒಂದು ಅಳಿವೆಯ ಚಿಪ್ಪುಗಳನ್ನು ಬರಿದು ಮಾಡಿತೆಂದ ಮೇಲೆ, ಇನ್ನೊಂದು ಹೊಳೆಯ ನೀರನ್ನು ಮೇಲೆಯೇ ತಡೆದರೆ ಕೆಳಗೆ ಏನೂ ಆಗದೆಂದು ನಂಬುವುದು ಹೇಗೆ? ಹೊಳೆ ಸೊರಗಿದಷ್ಟೂ ಉಪ್ಪು ಮೇಲೇರುತ್ತದೆ. ಜೀವಿಗಳಷ್ಟೇ ಅಲ್ಲ, ದಡದ ಬಾವಿಗಳೂ ಗದ್ದೆಗಳೂ ಅದರ ಪಾಲಾಗುತ್ತವೆ.

ಯೋಜನಾ ವರದಿಗಳು ಸಾಮಾನ್ಯವಾಗಿ ಮುಳುಗುವ ಕಾಡಿನ, ಒಕ್ಕಲೇಳುವ ಮನೆಗಳ ಲೆಕ್ಕ ಕೊಡುತ್ತವೆ. ಮಲೆನಾಡಿನ ಹೋರಾಟಗಳೂ ಬಹುಮಟ್ಟಿಗೆ ಅಷ್ಟಕ್ಕೇ ನಿಂತಿವೆ. ಅಣೆಕಟ್ಟೆಯ ಕೆಳಗೆ ಹಲವು ಮೈಲಿ ದೂರದಲ್ಲಿ ಚಿಪ್ಪು ಮುಚ್ಚಿ ಕಾಯುವ ಜೀವಿ ಆ ವರದಿಯಲ್ಲಿಯೂ ಇಲ್ಲ, ಘೋಷಣೆಗಳಲ್ಲಿಯೂ ಇಲ್ಲ. ಹೊಳೆ ತಿರುಗಿಸುವ ಯಾವ ಪ್ರಸ್ತಾಪವೇ ಬರಲಿ, ಅಳಿವೆಯ ಲವಣಾಂಶ ತಿಂಗಳು ತಿಂಗಳು ಎಷ್ಟಿದೆ, ಯೋಜನೆಯ ನಂತರ ಎಷ್ಟಾಗುತ್ತದೆ, ಆ ಬದಲಾವಣೆಯನ್ನು ಅಲ್ಲಿಯ ಯಾವ ಜೀವಿಗಳು ತಾಳಬಲ್ಲವು ಎಂಬ ಮೂರು ಪ್ರಶ್ನೆಗಳನ್ನು ಗ್ರಾಮಸಭೆಗಳು ಕೇಳಬೇಕು. ಉತ್ತರ ಲಿಖಿತವಾಗಿ ಬರುವವರೆಗೆ ಒಪ್ಪಿಗೆಯ ಮಾತು ಇರಬಾರದು. ಅಭಿಸರಣೆಯ ಪಾಠವನ್ನು ಪರೀಕ್ಷೆಗಾಗಿ ಉರುಹೊಡೆಯುವ ವಿದ್ಯಾರ್ಥಿಗಳು ಆ ಸಭೆಗಳಲ್ಲಿ ಎದ್ದುನಿಂತು ಅದನ್ನು ಹಿರಿಯರಿಗೆ ವಿವರಿಸಿದರೆ ಓದಿದ್ದು ಸಾರ್ಥಕ. ಉಪ್ಪಿಗೆ ಹಾಕಿದ ಮಿಡಿಯನ್ನು ತೋರಿಸಿದರೂ ಸಾಕು, ಮಲೆನಾಡಿನ ಯಾವ ಅಜ್ಜಿಗೂ ಅದು ಅರ್ಥವಾಗದೆ ಇರದು.