ಬೊಂಬೆಯ ಎದೆಯೂ ಸುಳ್ಳು ಹೇಳಬಾರದು

ರೋಗವನ್ನರಿಯುವ ಆರು ಉಪಾಯಗಳಲ್ಲಿ ಕಿವಿಯನ್ನೂ ಒಂದಾಗಿ ಸುಶ್ರುತಾಚಾರ್ಯರು ಎಣಿಸಿದ್ದಾರೆ. ಕರುಳಿನ ಗುಡುಗುಡು, ಕೀಲುಗಳ ಲಟಲಟ ಸದ್ದುಗಳನ್ನು ವೈದ್ಯನು ಕಿವಿಯಿಂದ ತಿಳಿಯಬೇಕೆಂದು ಚರಕಸಂಹಿತೆ ಹೇಳುತ್ತದೆ. ಶಿಷ್ಯನು ರೋಗಿಯ ಮೈ ಮುಟ್ಟುವ ಮೊದಲೇ ಪಳಗಬೇಕೆಂದು ಕುಂಬಳ, ಸೋರೆಗಳ ಮೇಲೆ ಛೇದನವನ್ನೂ, ಮನುಷ್ಯಾಕಾರದ ಬೊಂಬೆಯ ಮೇಲೆ ಪಟ್ಟಿ ಕಟ್ಟುವುದನ್ನೂ ಅಭ್ಯಾಸ ಮಾಡಿಸಲು ವಿಧಿಸಿದವರೂ ಸುಶ್ರುತರೇ.

ಇಂದಿನ ವೈದ್ಯಕೀಯ, ನರ್ಸಿಂಗ್ ಕಾಲೇಜುಗಳ ತರಬೇತಿ ಬೊಂಬೆ, ಅಂದರೆ ಮ್ಯಾನಿಕಿನ್, ಆ ಪರಂಪರೆಯನ್ನೇ ನೆನಪಿಸುತ್ತದೆ. 1960ರಲ್ಲಿ ನಾರ್ವೆಯ ಆಟಿಕೆ ತಯಾರಕ ಆಸ್ಮುಂಡ್ ಲೇರ್ಡಾಲ್ ಅವರು ಉಸಿರು ತುಂಬುವ ಅಭ್ಯಾಸಕ್ಕಾಗಿ ಬೊಂಬೆಯೊಂದನ್ನು ರೂಪಿಸಿದರು. 1968ರಲ್ಲಿ ಅಮೆರಿಕದ ಮಯಾಮಿ ವಿಶ್ವವಿದ್ಯಾಲಯದ ಡಾ. ಮೈಕೆಲ್ ಗಾರ್ಡನ್ ಅವರ 'ಹಾರ್ವೆ' ಎಂಬ ಬೊಂಬೆ ಹೃದಯದ ಸದ್ದನ್ನೂ ಕೇಳಿಸಿತು. ಈಗಿನ ಹಲವು ಬೊಂಬೆಗಳ ಚರ್ಮದಡಿ ಪುಟ್ಟ ಸ್ಪೀಕರುಗಳಿವೆ.

ಕೆಲವು ವರ್ಷಗಳ ಹಿಂದೆ ಇಂಥದೊಂದು ಪ್ರಯೋಗಶಾಲೆಗೆ ಹೋಗಿದ್ದೆ. ವಿದ್ಯಾರ್ಥಿನಿಯೊಬ್ಬಳು ಬೊಂಬೆಯ ಎದೆಗೆ ಸ್ಟೆತೊಸ್ಕೋಪ್ ಇಟ್ಟು, "ಮೇಡಂ, ಎಡಗಡೆ ಉಸಿರಿನ ಸದ್ದೇ ಇಲ್ಲ" ಎಂದಳು. "ಅದು ಕೆಟ್ಟಿದೆಯಮ್ಮ, ಸದ್ದಿದೆ ಎಂದುಕೊಂಡು ಮುಂದುವರಿ" ಎಂಬ ಉತ್ತರ ಬಂತು. ಹುಡುಗಿ ತನ್ನ ಪುಸ್ತಕದಲ್ಲಿ 'ಎರಡೂ ಕಡೆ ಸಹಜ' ಎಂದು ಬರೆದುಕೊಂಡಳು. ಆ ಒಂದು ಸಾಲು ನನ್ನನ್ನು ಇಂದಿಗೂ ಕಾಡುತ್ತದೆ.

ಏಕೆಂದರೆ ಎದೆಯ ಮೌನವೂ ಒಂದು ರೋಗಲಕ್ಷಣ. ಶ್ವಾಸಕೋಶದ ಸುತ್ತ ಗಾಳಿ ತುಂಬಿದಾಗ ಆ ಪಕ್ಕದ ಸದ್ದು ಅಡಗುತ್ತದೆ. ಉಬ್ಬಸ ವಿಪರೀತಕ್ಕೆ ಹೋದಾಗ ಸುಂಯ್‌ಗುಟ್ಟುವ ಸದ್ದೂ ನಿಂತುಹೋಗುತ್ತದೆ. ಅದು ಗುಣವಾದ ಸೂಚನೆಯಲ್ಲ, ಪ್ರಾಣಾಪಾಯದ ಸೂಚನೆ. ಕೇಳದ ಸದ್ದನ್ನು ಕೇಳಿದೆನೆಂದು ಬರೆಯಲು ಕಲಿತವರು ನಾಳೆ ಇದನ್ನು ಹೇಗೆ ಗುರುತಿಸಿಯಾರು?

ದೋಷವನ್ನು ಹುಡುಕುವುದೂ ರೋಗಪರೀಕ್ಷೆಯಂತೆಯೇ, ಕ್ರಮ ಬೇಕು. ಮೊದಲು ಸ್ಟೆತೊಸ್ಕೋಪನ್ನು ನಮ್ಮದೇ ಎದೆಗಿಟ್ಟು ಕೇಳಬೇಕು. ಎರಡು ಮುಖದ ಬಿಲ್ಲೆ ತಿರುಗಿಕೊಂಡಿದ್ದರೆ ಏನೂ ಕೇಳಿಸದು. ಕೆಲವು ಬೊಂಬೆಗಳಿಗಂತೂ ಅವುಗಳದೇ ಸ್ಟೆತೊಸ್ಕೋಪ್ ಬೇಕು. ಎರಡನೆಯದಾಗಿ ಸ್ಥಾನ: ಸ್ಪೀಕರುಗಳಿರುವುದು ನಿಗದಿತ ಜಾಗಗಳಲ್ಲಿ ಮಾತ್ರ, ಮೇಲಿನ ಚರ್ಮ ಸರಿದಿದ್ದರೆ ಗುರಿ ತಪ್ಪುತ್ತದೆ. ಮೂರನೆಯದಾಗಿ ಶಿಕ್ಷಕರ ನಿಯಂತ್ರಣ ಫಲಕ: ಹೃದಯ, ಉಸಿರು, ಕರುಳುಗಳ ಧ್ವನಿಮಟ್ಟ ಬೇರೆಬೇರೆ ಇರುವಲ್ಲಿ ಒಂದು ಸೊನ್ನೆಯಲ್ಲಿರಬಹುದು, ಅಥವಾ ಆರಿಸಿಕೊಂಡ ಪಾಠವೇ ಸದ್ದಿಲ್ಲದ ಎದೆಯದ್ದಾಗಿರಬಹುದು. ಕೊನೆಗೆ ಬ್ಯಾಟರಿ, ನಿಸ್ತಂತು ಸಂಪರ್ಕ ಮತ್ತು ವಿದ್ಯುತ್ ಆರಿಸಿದ ಮೇಲೆ ಒಳಗಿನ ತಂತಿಗಳು.

ದುರಸ್ತಿಯಾದ ಬಳಿಕ ಒಂದೊಂದೇ ಪಕ್ಕದ ಸದ್ದು ಹೊರಡಿಸಿ ಪರೀಕ್ಷಿಸಲೇಬೇಕು. ತಂತಿ ಅದಲುಬದಲಾಗಿ ಎಡದ ರೋಗ ಬಲದಲ್ಲಿ ಕೇಳಿಸಿದರೆ, ಅದು ಮೌನಕ್ಕಿಂತ ಕೆಟ್ಟದ್ದು. ಧ್ವನಿಯನ್ನು ಸುಮ್ಮನೆ ಏರಿಸುವುದೂ ಪರಿಹಾರವಲ್ಲ. ಪುಟ್ಟ ಸ್ಪೀಕರು ಅದುರಿ ಕರಕರ ಎಂದರೆ, ಅದನ್ನೇ ನ್ಯುಮೋನಿಯಾದ ಸದ್ದೆಂದು ಮಕ್ಕಳು ಕಲಿತಾರು. ಎಲ್ಲ ಧ್ವನಿಗಳನ್ನು ಆರಿಸಿ ಒಮ್ಮೆ ಕಿವಿಗೊಡಿ. ಆಗಲೂ ಕೇಳುವುದು ಉಸಿರಲ್ಲ, ಬೊಂಬೆಯ ಗಾಳಿಯಂತ್ರದ ಅಥವಾ ಕೋಣೆಯ ಫ್ಯಾನಿನ ಸದ್ದು.

ವಿದ್ಯಾರ್ಥಿಗಳು ಬಹಳ, ಸಮಯ ಕಡಿಮೆ, ದುರಸ್ತಿ ದುಬಾರಿ ಎನ್ನುವ ಶಿಕ್ಷಕರ ಕಷ್ಟವನ್ನು ನಾನು ಬಲ್ಲೆ. ಆದರೆ ಪಾಠಕ್ಕೆ ಮುನ್ನ ಐದು ನಿಮಿಷದ ಪರೀಕ್ಷೆ ದುಬಾರಿಯಲ್ಲ. ಸರಿಹೋಗದಿದ್ದರೆ ಬೊಂಬೆಗೆ 'ಧ್ವನಿ ಕೆಟ್ಟಿದೆ' ಎಂಬ ಚೀಟಿ ಕಟ್ಟಿ, ಅಂದಿನ ಪಾಠವನ್ನು ಸಹಪಾಠಿಗಳ ಎದೆಯ ಮೇಲೆಯೇ ಮಾಡಿಸಲಿ. ಸಹಜ ಸದ್ದನ್ನು ಚೆನ್ನಾಗಿ ಬಲ್ಲವರಿಗೇ ಅಸಹಜವು ತಿಳಿಯುವುದು. ಎಲ್ಲಕ್ಕೂ ಮಿಗಿಲಾಗಿ, "ನನಗೆ ಕೇಳಿಸಲಿಲ್ಲ" ಎಂದ ಮಗುವಿಗೆ ಮೊದಲು "ಸರಿಯಾಗಿ ಹೇಳಿದೆ" ಎನ್ನಲಿ. ಅಂದು ಆ ಹುಡುಗಿಯ ಕಿವಿ ಸುಳ್ಳಾಡಿರಲಿಲ್ಲ. ಸುಳ್ಳನ್ನು ನಾವು ಬರೆಸಿದೆವು.

ಸದ್ಭಕ್ತರ ಮನೆಗಳ ಎಷ್ಟೋ ಮಕ್ಕಳು ಇಂದು ಈ ವಿದ್ಯೆಯನ್ನು ಕಲಿಯುತ್ತಿದ್ದಾರೆ. ಅವರು ರಜೆಗೆ ಬಂದಾಗ, ಬೊಂಬೆಯ ಎದೆಯಲ್ಲಿ ಏನು ಕೇಳಿಸಿತೆಂದು ಕೇಳಿರಿ. ನಡುರಾತ್ರಿ ನಮ್ಮ ಎದೆಗೆ ಕಿವಿಗೊಡುವವರು ಅವರೇ.