ಹರಿವೆಯ ಬೀಜ ಶೀಶೆಯಲ್ಲಿ ಉಳಿಯದು

ಮಳೆ ಹಿಂದೆಗೆದು, ದೀಪಾವಳಿ ಕಳೆದು, ಬೆಳಗಿನ ಇಬ್ಬನಿ ಆರಂಭವಾದೊಡನೆ ಸಿರಿಮನೆಯ ನಮ್ಮ ಹಿತ್ತಿಲಿನಲ್ಲಿ ತಾಯಿಯವರು ಹರಿವೆಯ ಪಾತಿ ಮಾಡುತ್ತಿದ್ದರು. ಸುಡುಮಣ್ಣಿಗೆ ಕೊಟ್ಟಿಗೆಯ ಹಳೆಯ ಗೊಬ್ಬರ ಬೆರೆಸಿ, ಸಾಸಿವೆಗಿಂತ ಸಣ್ಣದಾದ ಆ ಕಪ್ಪು ಬೀಜವನ್ನು ಬೂದಿ ಮತ್ತು ಒಂದು ಹಿಡಿ ರವೆಯೊಡನೆ ಬೆರೆಸಿ ಎರಚುತ್ತಿದ್ದರು. ರವೆ ಏಕೆಂದು ಕೇಳಿದರೆ, "ಇರುವೆಗೂ ಒಂದು ಪಾಲು ಬೇಡವೇನೋ? ರವೆ ಸಿಕ್ಕಿದರೆ ಬೀಜದ ತಂಟೆಗೆ ಬರುವುದಿಲ್ಲ" ಎನ್ನುತ್ತಿದ್ದರು. ತಿಂಗಳೊಳಗೆ ಎಳೆಯ ಸೊಪ್ಪು. ಸಂಕ್ರಾಂತಿ ಕಳೆಯುವ ಹೊತ್ತಿಗೆ ಎದೆಯೆತ್ತರದ ಕೆಂಪು ದಂಟು. ಆ ದಂಟಿನ ಹುಳಿಯ ರುಚಿ ಬಂಧುಗಳಲ್ಲಿ ಹಲವರಿಗೆ ನೆನಪಿರಬಹುದು.

ತಾಯಿ ತೀರಿಕೊಂಡ ಮೇಲೆ ಅವರ ಬೀಜದ ಶೀಶೆಯನ್ನು ನಾನು ವರ್ಗಾವಣೆಯಾದ ಊರುಗಳಿಗೆಲ್ಲ ಹೊತ್ತು ತಿರುಗಿದೆ. ನಿವೃತ್ತನಾಗಿ ಬಂದು ಬಿತ್ತಿದಾಗ ಒಂದೂ ಮೊಳೆಯಲಿಲ್ಲ. ಬೀಜವೂ ಉಸಿರಾಡುವ ಜೀವವೆಂದು ಮಕ್ಕಳಿಗೆ ವರ್ಷವರ್ಷವೂ ಬೋಧಿಸಿದವನು ನಾನೇ!

ಕೊನೆಗೆ ಆ ಬೀಜ ಸಿಕ್ಕಿದ್ದು ಕೊಪ್ಪದ ಕಡೆಯ ಚಿಕ್ಕಮ್ಮನ ಮನೆಯಲ್ಲಿ. ಎಂದೋ ಅಕ್ಕ ಕೊಟ್ಟ ಒಂದು ಚಿಟಿಕೆ ಬೀಜವನ್ನು ಅವರು ವರ್ಷವೂ ಬಿತ್ತಿ ಉಳಿಸಿಕೊಂಡಿದ್ದರು. ನಾನು ಭದ್ರವಾಗಿಟ್ಟದ್ದು ಸತ್ತಿತ್ತು. ತಾಯಿ ಹಂಚಿದ್ದು ಬದುಕಿತ್ತು.

"ಸಂತೆಯಲ್ಲಿ ಅಗ್ಗಕ್ಕೆ ಸಿಗುವ ತರಕಾರಿಗೆ ಇಷ್ಟು ಶ್ರಮವೇಕೆ? ಮಂಗಗಳು ಬಿಡುತ್ತವೆಯೇ?" ಎಂದು ಕೇಳುವವರಿದ್ದಾರೆ. ಮಂಗನ ಕಾಟ ಸುಳ್ಳಲ್ಲ. ಬಲೆ ಕಟ್ಟಿದರೂ ಕಳೆದ ವರ್ಷ ನನ್ನ ಬದನೆ, ಅಲಸಂದೆಗಳಲ್ಲಿ ಅರ್ಧ ಅವುಗಳ ಪಾಲಾಯಿತು. ಹಣದ ಲೆಕ್ಕದಲ್ಲಿ ನನಗೆ ನಷ್ಟವೇ. ಆದರೆ ಸಂತೆಯಲ್ಲಿ ಸೊಪ್ಪು ಸಿಗುತ್ತದೆ, ನಮ್ಮ ಮನೆಯ ತಳಿ ಸಿಗುವುದಿಲ್ಲ. ಬಿತ್ತುವವರಿಲ್ಲದ ಮನೆಯಲ್ಲಿ ಅದು ಕೆಲವೇ ವರ್ಷಗಳಲ್ಲಿ ಅಳಿಯುತ್ತದೆ. ಶಿರಸಿಯ ವನಸ್ತ್ರೀ ಬಳಗದ ಹೆಣ್ಣುಮಕ್ಕಳು ಇಂಥ ಹಿತ್ತಿಲ ಬೀಜಗಳನ್ನು ಬೆಳೆದು ಹಂಚುತ್ತಿರುವುದು ಇದನ್ನರಿತೇ.

ಒಂದು ಕಿವಿಮಾತು. ಚೆನ್ನಾಗಿರುವುದನ್ನೆಲ್ಲ ಉಂಡು, ಉಳಿದ ಬಡಕಲು ಗಿಡವನ್ನು ಬೀಜಕ್ಕೆ ಬಿಡಬೇಡಿ. ಪಾತಿಯ ಅತ್ಯುತ್ತಮವಾದ ನಾಲ್ಕಾರು ಗಿಡಗಳನ್ನು ಮೊದಲೇ ಗುರುತು ಮಾಡಿ ಬಿಡಿ. ಹಸಿರು ಹರಿವೆ ಪಕ್ಕದಲ್ಲಿದ್ದರೆ ಪರಾಗ ಬೆರೆತು ಬಣ್ಣ ಕೆಡುತ್ತದೆ, ದೂರವಿರಲಿ.

ಬೆಂಗಳೂರಿನ ಮಾಳಿಗೆಯ ಕುಂಡವಾದರೂ ಸಾಕು. ಈ ಚಳಿಗಾಲದಲ್ಲಿ ಊರಿಗೆ ಬರುವ ಶಿಷ್ಯರೂ ಬಂಧುಗಳೂ ನಮ್ಮ ಮನೆಗೆ ಬನ್ನಿ. ಒಂದೊಂದು ಚಿಟಿಕೆ ಬೀಜ ಕಟ್ಟಿಟ್ಟಿದ್ದೇನೆ. ಮುಂದೊಂದು ದಿನ ನನ್ನ ಪಾತಿ ಬರಿದಾದರೆ, ಕೇಳಿಕೊಂಡು ಬರಲು ನನ್ನ ಮಕ್ಕಳಿಗೆ ನಿಮ್ಮ ಮನೆಯಾದರೂ ಇರಲಿ.