ಪಂಜರದ ಬಾಗಿಲು ತೆರೆದರಷ್ಟೇ ಸಾಲದು

ಸಾಕಿದ ಗಿಳಿಯನ್ನು ಪಂಜರದಿಂದ ಬಿಟ್ಟುಬಿಡುವುದು ಪುಣ್ಯದ ಕೆಲಸವೆಂದು ನಮ್ಮಲ್ಲಿ ಅನೇಕರ ನಂಬಿಕೆ. ನಾನೂ ಹಾಗೆಯೇ ನಂಬಿದ್ದೆ. ಆ ನಂಬಿಕೆಯಿಂದಲೇ ಒಂದು ಜೀವವನ್ನು ಕಳೆದೆನೆಂಬುದನ್ನು ಇಷ್ಟು ವರ್ಷಗಳ ಮೇಲಾದರೂ ಒಪ್ಪಿಕೊಳ್ಳಬೇಕು.

ಅದು 1988ರ ಆಗಸ್ಟ್ 15. ಬಿ.ಎಡ್. ಮುಗಿಸಿ ದಕ್ಷಿಣ ಕೊಡಗಿನ ಪ್ರೌಢಶಾಲೆಯೊಂದಕ್ಕೆ ಸೇರಿ ಕೆಲವೇ ವರ್ಷಗಳಾಗಿದ್ದವು. ಸ್ವಾತಂತ್ರ್ಯದ ಅರ್ಥವನ್ನು ಭಾಷಣದಲ್ಲಿ ಹೇಳುವುದಕ್ಕಿಂತ ಕಣ್ಣೆದುರು ತೋರಿಸಬೇಕೆಂಬ ಹುಮ್ಮಸ್ಸು ನನಗೆ. ವಿದ್ಯಾರ್ಥಿಯೊಬ್ಬನ ಮನೆಯ ಗಿಳಿಯನ್ನು ತರಿಸಿ, ಧ್ವಜಾರೋಹಣವಾದ ಬಳಿಕ, ಮಳೆ ತುಸು ಬಿಡುವು ಕೊಟ್ಟ ಹೊತ್ತಿನಲ್ಲಿ ಅದನ್ನು ಎರಡೂ ಕೈಗಳಿಂದ ಮೇಲಕ್ಕೆ ತೂರಿದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಗಿಳಿ ಒಂದು ಬದಿಗೆ ವಾಲಿ, ಗಿರಗಿರನೆ ತಿರುಗಿ, ಕಲ್ಲಿನ ಕಟ್ಟೆಗೆ ಎದೆ ಬಡಿದು ಬಿದ್ದಿತು. ಅದರ ಒಂದು ರೆಕ್ಕೆಯ ಗರಿಗಳನ್ನು ಎಂದೋ ಕತ್ತರಿಸಲಾಗಿತ್ತು. ಸಂಜೆಯೊಳಗೆ ಅದು ಸತ್ತಿತು. "ಸಾರ್, ಅದಕ್ಕೆ ಹಾರಕ್ಕೆ ಬರಲ್ಲ ಅಂತ ನಿಮಗೆ ಗೊತ್ತಿರ್ಲಿಲ್ವಾ?" ಎಂದು ಆ ಹುಡುಗ ಕೇಳಿದ ಪ್ರಶ್ನೆಗೆ ಅಂದು ನಾನು ಉತ್ತರ ಕೊಡಲಿಲ್ಲ.

ಗೊತ್ತಿರಲಿಲ್ಲ ಎಂಬುದೇ ಸತ್ಯ. ತಿಳಿದುಕೊಳ್ಳುವ ಪ್ರಯತ್ನವನ್ನೂ ನಾನು ಮಾಡಿರಲಿಲ್ಲ. ಪೂರ್ಣ ಬೆಳೆದ ಗರಿ ನಮ್ಮ ಉಗುರಿನಂತೆ ನಿರ್ಜೀವ ವಸ್ತು. ಕತ್ತರಿಸಿದರೆ ರಕ್ತ ಬರದು, ನೋವೂ ಆಗದು. ಆದ್ದರಿಂದಲೇ ಜನರು ಅದನ್ನು ನಿರುಪದ್ರವಿಯೆಂದು ಭಾವಿಸುತ್ತಾರೆ. ಆದರೆ ಉಗುರಿನ ಹಾಗೆ ಅದು ಬುಡದಿಂದ ಮತ್ತೆ ಬೆಳೆಯುವುದಿಲ್ಲ. ಹಕ್ಕಿ ಗರಿ ಉದುರಿಸುವ ಕಾಲ ಬಂದು, ಹಳೆಯ ಮೋಟು ಬಿದ್ದು, ಹೊಸದು ಮೂಡುವವರೆಗೆ ಕಾಯಲೇಬೇಕು. ಎಲ್ಲ ಗರಿಗಳೂ ಒಮ್ಮೆಗೇ ಉದುರುವುದಿಲ್ಲವಾದ್ದರಿಂದ ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಎಳೆಯ ಗರಿಯ ಕೊಳವೆಯಲ್ಲಿ ರಕ್ತ ಹರಿಯುತ್ತಿರುತ್ತದೆ. ಅಕ್ಕಪಕ್ಕದ ಉದ್ದ ಗರಿಗಳ ಆಸರೆಯಿಲ್ಲದಿದ್ದರೆ ಅದು ಸುಲಭವಾಗಿ ಮುರಿದು ರಕ್ತಸ್ರಾವವಾಗುತ್ತದೆ. ಬೇಗ ಬರಲೆಂದು ಮೋಟುಗಳನ್ನು ಕೀಳುವವರಿದ್ದಾರೆ. ಅದು ಹಕ್ಕಿಗೆ ತೀವ್ರ ನೋವು ಕೊಡುವುದಲ್ಲದೆ ಗರಿ ಹುಟ್ಟುವ ಬುಡವನ್ನೇ ಕೆಡಿಸಬಹುದು.

ಇದನ್ನೆಲ್ಲ ನಾನು ಕಲಿತದ್ದು ನಿವೃತ್ತಿಯ ಅನಂತರ, 2022ರಲ್ಲಿ. ನಮ್ಮ ನೆರೆಯ ಮನೆಯಲ್ಲಿ ಬಾಡಿಗೆಗಿದ್ದವರು ಊರು ಬಿಡುವಾಗ ಗಿಳಿಯೊಂದನ್ನು ಪಂಜರದ ಸಮೇತ ಬಿಟ್ಟುಹೋದರು. ನೀಲಿ ಛಾಯೆಯ ರೆಕ್ಕೆ, ಬೂದುಬಣ್ಣದ ತಲೆ ಮತ್ತು ಎದೆ. ನಮ್ಮ ಪಶ್ಚಿಮ ಘಟ್ಟಗಳಲ್ಲದೆ ಜಗತ್ತಿನ ಬೇರೆಲ್ಲಿಯೂ ಸಹಜವಾಗಿ ಇಲ್ಲದ ಮಲಬಾರ್ ಗಿಳಿ ಅದು. ಕಾಫಿ ತೋಟಗಳ ಹಾಲುವಾಣ ಹೂಬಿಟ್ಟಾಗ ಮಕರಂದಕ್ಕಾಗಿ ಗುಂಪುಗುಂಪಾಗಿ ಬರುವುದನ್ನು ಕೊಡಗಿನವರೆಲ್ಲ ಕಂಡಿರುತ್ತೀರಿ. ಈ ಹಕ್ಕಿಯ ಎರಡೂ ರೆಕ್ಕೆಗಳನ್ನು ಕತ್ತರಿಸಿದ್ದರು.

ಈ ಸಲ ನಾನು ಆತುರಪಡಲಿಲ್ಲ. ಅರಣ್ಯ ಇಲಾಖೆಗೆ ತಿಳಿಸಿದೆ. ಪಶುವೈದ್ಯರು ಪರೀಕ್ಷಿಸಿದ ಮೇಲೆ, ಗರಿ ಬರುವವರೆಗೆ ನಮ್ಮಲ್ಲೇ ಆರೈಕೆಗೆ ಬಿಡಲು ಇಲಾಖೆಯವರು ಒಪ್ಪಿದರು. ಬರಿಯ ಭತ್ತ ತಿಂದು ಸೊರಗಿದ್ದ ಅದಕ್ಕೆ ಸೀಬೆ, ಪಪ್ಪಾಯಿ, ಸೊಪ್ಪು, ಮೊಳಕೆಕಾಳು ಕೊಟ್ಟೆವು. ಖಾಲಿ ಕೋಣೆಯೊಂದರಲ್ಲಿ ಫ್ಯಾನ್ ಬಿಚ್ಚಿಸಿ, ಕಿಟಕಿಯ ಗಾಜಿಗೆ ಪರದೆ ಕಟ್ಟಿ, ನೆಲಕ್ಕೆ ಹಳೆಯ ಹಾಸಿಗೆ ಹಾಸಿ, ಮೊದಲು ಗೇಣು ಎತ್ತರದಲ್ಲಿ ಕಾಫಿ ಗಿಡದ ಕೊಂಬೆ ಕಟ್ಟಿದೆವು. ಕೊಂಬೆಯಿಂದ ಕೊಂಬೆಗೆ ಮೊದಲು ಹೆಜ್ಜೆ, ಆಮೇಲೆ ನೆಗೆತ, ಅನಂತರವೇ ಹಾರಾಟ. ಒಮ್ಮೆಯೂ ಅದನ್ನು ಮೇಲಕ್ಕೆ ತೂರಲಿಲ್ಲ. ಆಚೆಯ ಕೊಂಬೆಯಲ್ಲಿ ಹಣ್ಣು ಸಿಕ್ಕಿಸಿ ಸುಮ್ಮನೆ ಕುಳಿತಿರುತ್ತಿದ್ದೆ. ಹಾರಬೇಕೇ ಬೇಡವೇ ಎಂಬುದು ಅದರ ತೀರ್ಮಾನ.

ಗರಿ ಬಂದ ಮಾತ್ರಕ್ಕೆ ಹಾರಾಟ ಬರುವುದಿಲ್ಲ. ಬಹುಕಾಲ ಬಳಸದ ಎದೆಯ ಸ್ನಾಯುಗಳು ಮೊದಲು ಬಲಗೊಳ್ಳಬೇಕು. ಇನ್ನೊಂದು ವಿಚಿತ್ರವನ್ನೂ ಕಂಡೆ. ಹಕ್ಕಿಗೆ ಮೇಲೇರುವುದಕ್ಕಿಂತ ಕೆಳಗಿಳಿಯುವುದು ಕಠಿಣ. ಬಾಗಿಲ ಮೇಲಿನ ಪಟ್ಟಿಗೆ ಹಾರಿದ ಗಿಳಿ ಇಳಿಯಲಾರದೆ ಗಂಟೆಗಟ್ಟಲೆ ಕೂಗುತ್ತ ಕುಳಿತದ್ದುಂಟು. ಪಂಜರ ತೆರೆದೊಡನೆ ಮರದ ತುದಿಗೆ ಹೋಗಿ ಕುಳಿತ ಸಾಕುಗಿಳಿಯನ್ನು ಕಂಡು "ಎಷ್ಟು ಸಂತೋಷವಾಗಿದೆ ನೋಡಿ" ಎನ್ನುವವರು ಇದನ್ನು ನೆನೆಯಬೇಕು. ಅದು ಇಳಿಯಲಾರದೆಯೂ ಕುಳಿತಿರಬಹುದು.

ಹತ್ತು ತಿಂಗಳಲ್ಲಿ ಗಿಳಿ ಕೋಣೆಯ ಉದ್ದಗಲ ಸಲೀಸಾಗಿ ಹಾರತೊಡಗಿತು. ನನ್ನ ಹಳೆಯ ಋಣ ತೀರಿತೆಂದೇ ಭಾವಿಸಿದೆ. ಆದರೆ ಇಲಾಖೆಯ ಮೂಲಕ ಅದು ಸೇರಿದ ಪುನರ್ವಸತಿ ಕೇಂದ್ರದ ವಿಶಾಲ ಬಲೆಮನೆಯಲ್ಲಿ, ತನ್ನ ಜಾತಿಯ ಹಕ್ಕಿಗಳನ್ನು ಬಿಟ್ಟು ನೋಡಿಕೊಳ್ಳುವವರ ಹೆಗಲಿಗೇ ಬಂದು ಕೂರುತ್ತಿತ್ತಂತೆ. ಕಣ್ಣು ಬಿಡದ ಮರಿಯಾಗಿದ್ದಾಗಲೇ ಪೊಟರೆಯಿಂದ ತೆಗೆದು ಸಾಕಿದ ಹಕ್ಕಿಯಿರಬೇಕೆಂದು ಅಲ್ಲಿಯವರು ಹೇಳಿದರು. ಮನುಷ್ಯನಿಗೆ ಹೆದರದ ಗಿಳಿಯನ್ನು ಕಾಡಿಗೆ ಬಿಟ್ಟರೆ ಅದು ಮೊದಲು ಸಿಕ್ಕ ಮನೆಯ ಜಗುಲಿಗೆ ಇಳಿಯುತ್ತದೆ. ಮತ್ತೆ ಪಂಜರ, ಮತ್ತೆ ಕತ್ತರಿ. ಹೀಗಾಗಿ ಅದನ್ನು ಬಿಡಲಿಲ್ಲ. ರೆಕ್ಕೆ ಮರಳಿ ಬಂದಿತು, ಕಳೆದುಹೋದ ಭಯ ಬರಲಿಲ್ಲ.

ಆದ್ದರಿಂದ ನನ್ನ ಅಭಿಪ್ರಾಯವಿಷ್ಟು. ಕತ್ತರಿ ಮಾಡುವ ಅನ್ಯಾಯವನ್ನು ಒಂದು ವರ್ಷದ ತಾಳ್ಮೆ ಸರಿಪಡಿಸಬಹುದು. ಮುದ್ದಿನಿಂದ ಸಾಕಿದ ಕೈ ಮಾಡಿದ ಅನ್ಯಾಯ ಹಾಗೆ ಸರಿಹೋಗದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ನಮ್ಮ ನಾಡಿನ ಗಿಳಿಗಳನ್ನು ಹಿಡಿಯುವುದೂ ಮಾರುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ಹಕ್ಕಿಗಳಿಗೆ ಆಕಾಶದಲ್ಲಿ ಹಾರುವ ಹಕ್ಕಿದೆಯೆಂದು ದೆಹಲಿ ಉಚ್ಚ ನ್ಯಾಯಾಲಯ 2015ರಲ್ಲಿಯೇ ಹೇಳಿದೆ. ಆದರೂ ಮರಿಗಳನ್ನು ಕೊಳ್ಳುವವರಿರುವವರೆಗೆ ಪೊಟರೆಗೆ ಕೈಹಾಕುವವರೂ ಇರುತ್ತಾರೆ. ಕೊಳ್ಳಬೇಡಿ. ಈಗಾಗಲೇ ಮನೆಯಲ್ಲಿದ್ದರೆ ಹಬ್ಬದ ದಿನ ಭಾವೋದ್ವೇಗದಿಂದ ತೂರಿಬಿಡಲೂ ಬೇಡಿ. ಅರಣ್ಯ ಇಲಾಖೆಗೆ ತಿಳಿಸಿ, ಬಲ್ಲವರ ಕೈಗೆ ಒಪ್ಪಿಸಿ, ಗರಿ ಮೂಡುವವರೆಗೆ ಕಾಯಲು ಬಿಡಿ.

1988ರಲ್ಲಿ ಪ್ರಶ್ನೆ ಕೇಳಿದ ಆ ಹುಡುಗನಿಗೆ ಈಗ ಐವತ್ತರ ಸಮೀಪ. ಎಲ್ಲಿದ್ದಾನೋ ತಿಳಿಯದು. ಈ ಬರಹ ಅವನ ಕಣ್ಣಿಗೆ ಬಿದ್ದರೆ, ಅಂದು ಕೊಡದ ಉತ್ತರ ಇಲ್ಲಿದೆ: ಗೊತ್ತಿರಲಿಲ್ಲ ಮಗು. ಕೇಳಿ ತಿಳಿಯಬೇಕಾಗಿತ್ತು.